ಮಡಿವಾಳದಿಂದ ವರ್ತೂರಿನವರೆಗೆ: ಕೆರೆ ಸಾಲಿನ ಮಾದರಿ ಎಲ್ಲಿಗೆ ಬಂತು

ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು. ಒಂದು ಕೆರೆ ಕೋಡಿ ಬಿದ್ದರೆ ನೀರು ಮುಂದಿನದಕ್ಕೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಬೆಂಗಳೂರಿನ ಈ ಸಾಲಿನ ಲೆಕ್ಕದ ಮಾದರಿಯನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟುತ್ತಿದ್ದೇನೆ. ಮೊದಲ ಭಾಗ ಈ ವಾರ ಮುಗಿಯಿತು: ಬಿದ್ದ ಮಳೆಯಲ್ಲಿ ಇಂಗುವುದೆಷ್ಟು, ಹರಿದು ಹೋಗುವುದೆಷ್ಟು ಎಂಬ ಲೆಕ್ಕ.

ಇದಕ್ಕೆ ಕರ್ವ್ ನಂಬರ್ ವಿಧಾನ ಹಿಡಿದೆ. ನೀರು ಕುಡಿಯುವ ನೆಲಕ್ಕೆ ಕಡಿಮೆ ಅಂಕಿ, ಕಾಂಕ್ರೀಟಿಗೆ ಜಾಸ್ತಿ. ಒಂದೇ ದಿನ 100 ಮಿ.ಮೀ. ಮಳೆ ಸುರಿಯಿತು ಅಂದುಕೊಳ್ಳಿ. ಮಣ್ಣು ಹೆಚ್ಚಿರುವ ಕಡೆಗೆ ಅಂಕಿ 70 ಇಟ್ಟರೆ ಸುಮಾರು 33 ಮಿ.ಮೀ. ಹರಿಯುತ್ತದೆ. ಕಾಂಕ್ರೀಟು ಹೆಚ್ಚಿರುವ ಕಡೆಗೆ 90 ಇಟ್ಟರೆ 73. ಒಂದು ಚದರ ಕಿಲೋಮೀಟರಿನಲ್ಲಿ 1 ಮಿ.ಮೀ. ನೀರೆಂದರೆ 10 ಲಕ್ಷ ಲೀಟರ್. ಮಳೆ ಅದೇ, ಆದರೆ ರಾಜಕಾಲುವೆಗೆ ಪ್ರತಿ ಚದರ ಕಿಲೋಮೀಟರಿನಿಂದ 4 ಕೋಟಿ ಲೀಟರ್ ಹೆಚ್ಚು ನುಗ್ಗುತ್ತದೆ!

ಇನ್ನು ಬಿಸಿಯಾಗುತ್ತಿರುವ ಹವೆ. 1 ಡಿಗ್ರಿ ಬಿಸಿ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಜೋರು ಮಳೆಯೂ ಅಷ್ಟೇ ಹೆಚ್ಚುತ್ತದೆ ಅಂತ ಇಟ್ಟುಕೊಂಡು 100ರ ಬದಲು 107 ಮಿ.ಮೀ. ಮಳೆ ಹಾಕಿ ನೋಡಿದೆ. ಕಾಂಕ್ರೀಟಿನ ಕಡೆ 73 ಇದ್ದದ್ದು 79 ಆಯಿತು. ಮಣ್ಣಿನ ಕಡೆ 33 ಇದ್ದದ್ದು 37. ನನಗಂತೂ ಇದು ದೊಡ್ಡ ವಿಷಯ. ಹವೆಯ ಏರಿಕೆಯನ್ನು ನಾವೊಬ್ಬರೇ ತಡೆಯಲಾರೆವು, ನಿಜ. ಆದರೆ ಈ ಲೆಕ್ಕದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ತೂಗುವ ನೆಲದ ಅಂಕಿ ನಮ್ಮ ಊರಿನ ಕೈಯಲ್ಲೇ ಇದೆ ಅಲ್ವಾ?

ಈಗ ಕೆರೆಗಳ ಸರದಿ. ಇಲ್ಲಿಂದ ಎಸ್‌ಡಬ್ಲ್ಯೂಎಂಎಂ ಬೇಕು. ಮಳೆ ನೀರು ಕಾಲುವೆ, ಕೆರೆಗಳಲ್ಲಿ ಹೇಗೆ ಹರಿಯುತ್ತದೆ ಅಂತ ಲೆಕ್ಕ ಹಾಕುವ, ಅಮೆರಿಕದ ಪರಿಸರ ಇಲಾಖೆ ಉಚಿತವಾಗಿ ಕೊಡುವ ತಂತ್ರಾಂಶ ಅದು. ಮಳೆ ಶುರುವಾಗುವಾಗ ಕೆರೆಯಲ್ಲಿ ಎಷ್ಟು ನೀರಿದೆ ಅಂತ ಅದಕ್ಕೆ ಮೊದಲೇ ಹೇಳಬೇಕು. ಹಿಂದೆ ತೂಬಿನಿಂದ ಗದ್ದೆಗೆ ನೀರು ಹೋಗಿ, ಬೇಸಿಗೆಗೆ ಕೆರೆ ಇಳಿಯುತ್ತಿತ್ತು. ಮೊದಲ ಮಳೆಗೆ ಜಾಗ ಇರುತ್ತಿತ್ತು. ಈಗ ಊರಿನ ಅನೇಕ ಕೆರೆಗಳಿಗೆ ವರ್ಷವಿಡೀ ಚರಂಡಿ ನೀರೋ, ಶುದ್ಧೀಕರಿಸಿದ ನೀರೋ ಬರುತ್ತಲೇ ಇರುತ್ತದೆ. ಕೆರೆ ತುಂಬಿದ್ದರೆ ಬಂದ ನೀರಿನಲ್ಲಿ ಹೆಚ್ಚಿನದು ಕೋಡಿ ದಾಟುತ್ತದೆ. ಕೋಡಿಯ ಮೇಲೆ ನೀರಿನ ಎತ್ತರ ಎರಡರಷ್ಟಾದರೆ ಹರಿವು ಸುಮಾರು 2.8 ಪಟ್ಟಾಗುತ್ತದೆ. ಕೆಳಗಿನ ಬಡಾವಣೆಗಳಿಗೆ ಅದರ ಬಿಸಿ ತಟ್ಟುತ್ತದೆ.

ಹಾಗಾಗಿ ಪ್ರತಿ ಮಳೆಯನ್ನೂ ಮಾದರಿಯಲ್ಲಿ ಎರಡು ಸಲ ಓಡಿಸುತ್ತೇನೆ: ಕೆರೆ ತುಂಬಿದ್ದಾಗ ಒಮ್ಮೆ, ಒಂದು ಮೀಟರ್ ಇಳಿಸಿ ಇನ್ನೊಮ್ಮೆ. ದಿನದ ಮೊತ್ತ ಇಲ್ಲಿ ಸಾಲದು. 100 ಮಿ.ಮೀ. ಎರಡೇ ಗಂಟೆಯಲ್ಲಿ ಸುರಿದರೆ ಕಾಲುವೆಯ ಕಥೆಯೇ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆ ಮುಳುಗಿಸಿದ ಮಳೆಯ ಗಂಟೆಗಂಟೆಯ ಅಂಕಿಗಳನ್ನು ಜೋಡಿಸುವುದು ಮುಂದಿನ ಕೆಲಸ.