ಫಾರ್ಮ್ಯಾಟ್ ಮಾಡುವ ಮುನ್ನ

ಮುಂಬೈ ಬಳಿಯ ಡೊಂಬಿವಲಿ ಪೂರ್ವದಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ದುರಸ್ತಿ ಅಂಗಡಿ ಇದೆ. ಆದರೆ ಹೆಚ್ಚಿನ ಕೆಲಸ ನಡೆಯುವುದು ಗಿರಾಕಿಗಳ ಮನೆಯಲ್ಲೇ. ಠಾಣೆ, ಮುಲುಂಡ್, ಮಾಟುಂಗಾ ಕಡೆಯ ನಮ್ಮ ಕನ್ನಡದ ಜನ, ಹೋಟೆಲಿನವರು, ಬ್ಯಾಂಕಿನಿಂದ ನಿವೃತ್ತರಾದವರು, ಸಂಘಗಳ ಲೆಕ್ಕಪತ್ರ ನೋಡುವವರು, ಒಬ್ಬರಿಂದೊಬ್ಬರು ನಂಬರ್ ಪಡೆದು ಕರೆಯುತ್ತಾರೆ. ಬೇರೆ ಯಾವ ದುರಸ್ತಿಗೆ ಕರೆದರೂ ತೊಂದರೆ ಏನೆಂದು ಹೇಳಿ ಸುಮ್ಮನಾಗುತ್ತಾರೆ. ಪಾಸ್‌ವರ್ಡ್ ಮರೆತಾಗ ಮಾತ್ರ ಪರಿಹಾರವನ್ನೂ ಅವರೇ ಹೇಳಿಬಿಡುತ್ತಾರೆ: "ಫಾರ್ಮ್ಯಾಟ್ ಮಾಡಿಕೊಡಿ."

ಈ ಮಾತನ್ನು ಅವರಿಗೆ ಕಲಿಸಿದ್ದು ನಮ್ಮ ವೃತ್ತಿಯವರೇ. ಫಾರ್ಮ್ಯಾಟ್ ಮಾಡಿದರೆ, ಅಂದರೆ ಡಿಸ್ಕನ್ನು ಪೂರ್ತಿ ಅಳಿಸಿದರೆ, ಕೆಲಸ ಬೇಗ ಮುಗಿಯುತ್ತದೆ, ಹೊಸದಾಗಿ ವಿಂಡೋಸ್ ಹಾಕಿದ್ದಕ್ಕೆ ಹಣವೂ ಬರುತ್ತದೆ, ತಲೆ ಓಡಿಸುವ ಅಗತ್ಯವಿಲ್ಲ. ಆ ಅರ್ಧ ಗಂಟೆಯಲ್ಲಿ ಒಂದು ಮನೆಯ ಹತ್ತಾರು ವರ್ಷಗಳ ಫೋಟೊ, ಪತ್ರ, ತೆರಿಗೆ ಕಾಗದಗಳೆಲ್ಲ ಹೋಗುತ್ತವೆ. ಹಳೆಯ ಹಾರ್ಡ್ ಡಿಸ್ಕಿನಲ್ಲಾದರೆ ಅಳಿಸಿದ್ದು ಸ್ವಲ್ಪವಾದರೂ ಮರಳಿ ಸಿಗುತ್ತಿತ್ತು. ಈಗಿನ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ಆ ಆಸೆಯನ್ನು ಬಹುತೇಕ ಬಿಟ್ಟುಬಿಡಬೇಕು. ಫಾರ್ಮ್ಯಾಟ್ ಎಂಬುದು ಮನೆಯವರೆಲ್ಲರನ್ನೂ ಕೇಳಿ, ಎಲ್ಲ ದಾರಿಗಳನ್ನೂ ನೋಡಿದ ಮೇಲೆ ಬರಬೇಕಾದ ಮಾತು. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ, ಅಂಗಡಿಯ ಹುಡುಗರಿಗೂ ಹೇಳುತ್ತೇನೆ.

ಮರೆತಿದ್ದೇವೆ ಎನ್ನುವವರಲ್ಲಿ ಎಷ್ಟೋ ಜನ ನಿಜವಾಗಿ ಮರೆತಿರುವುದಿಲ್ಲ. ಮಾಟುಂಗಾದ ಒಂದು ಮನೆಯಲ್ಲಿ, ಮಗ ಲಂಡನ್ನಿನಿಂದ ತಂದುಕೊಟ್ಟ ಲ್ಯಾಪ್‌ಟಾಪು ತಂದೆಯ ಪಾಸ್‌ವರ್ಡನ್ನು ಒಪ್ಪುತ್ತಲೇ ಇರಲಿಲ್ಲ. ಅವರು ಅದನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದರು, ತಪ್ಪಿಲ್ಲದೆ ಒತ್ತುತ್ತಲೂ ಇದ್ದರು. ಪಾಸ್‌ವರ್ಡ್ ಒತ್ತುವ ಚೌಕದ ಬಲತುದಿಯಲ್ಲಿರುವ ಕಣ್ಣಿನ ಚಿಹ್ನೆಯನ್ನು ಒತ್ತಿ ಹಿಡಿದು ನೋಡಿದರೆ, ಆ್ಯಟ್ ಚಿಹ್ನೆ ಇರಬೇಕಾದಲ್ಲಿ ಉದ್ಧರಣ ಚಿಹ್ನೆ ಕುಳಿತಿತ್ತು. ಬ್ರಿಟಿಷ್ ಮತ್ತು ಅಮೆರಿಕನ್ ಕೀಲಿಮಣೆಗಳ ವಿನ್ಯಾಸದಲ್ಲಿ ಈ ಎರಡರ ಜಾಗ ಅದಲುಬದಲು. ಸ್ಪೇಸ್ ಕೀಲಿಯ ಜೊತೆ ವಿಂಡೋಸ್ ಕೀಲಿಯೂ ಒತ್ತಿಹೋಗಿ ವಿನ್ಯಾಸ ಬದಲಾಗಿತ್ತು. ಪರದೆಯ ಕೆಳಗೆ ಬಲಮೂಲೆಯಲ್ಲಿ ಭಾಷೆಯನ್ನು ಬದಲಿಸಿದ ಕೂಡಲೇ ಲ್ಯಾಪ್‌ಟಾಪು ತೆರೆದುಕೊಂಡಿತು. ಕನ್ನಡ ಅಥವಾ ಮರಾಠಿ ಕೀಲಿಮಣೆ ಸೇರಿಸಿಕೊಂಡವರಿಗೂ ಇದೇ ಗೊಂದಲ. ಬಲಭಾಗದ ಅಂಕಿಗಳನ್ನು ಬಳಸುವವರ ನಮ್ ಲಾಕ್ ಆರಿದ್ದರೆ, ಪಾಸ್‌ವರ್ಡಿನ ಬದಲು ಒತ್ತುವ ಪಿನ್ ಮೂಡುವುದೇ ಇಲ್ಲ. ಹಾಗಾಗಿ ನಾನು ದುರಸ್ತಿಯ ಪೆನ್ ಡ್ರೈವನ್ನು ಚೀಲದಿಂದ ತೆಗೆಯುವ ಮೊದಲು ಕೀಲಿಮಣೆಯನ್ನು ನೋಡುತ್ತೇನೆ.

ಆಮೇಲೆ ಕೇಳುವುದು, ಅದು ಅಂತರ್ಜಾಲದಲ್ಲಿರುವ ಮೈಕ್ರೋಸಾಫ್ಟ್ ಖಾತೆಯೋ, ಯಂತ್ರಕ್ಕಷ್ಟೇ ಸೀಮಿತವಾದ ಸ್ಥಳೀಯ ಖಾತೆಯೋ ಎಂದು. ಇದರ ಮೇಲೆ ಇಡೀ ಕೆಲಸ ನಿಂತಿದೆ. ಮೈಕ್ರೋಸಾಫ್ಟ್ ಖಾತೆಯಾದರೆ ಪಾಸ್‌ವರ್ಡನ್ನು ಮನೆಯ ಯಾವ ಮೊಬೈಲಿನಿಂದಾದರೂ ಬದಲಿಸಬಹುದು. ಪಿನ್ ಮಾತ್ರ ಆ ಯಂತ್ರದೊಳಗೇ ಇರುವಂಥದ್ದು. ಅದನ್ನು ಮರೆತರೆ ಪಿನ್ ಮರೆತಿದ್ದೇನೆ ಎಂಬ ಕೊಂಡಿಯನ್ನು ಒತ್ತಿ, ಖಾತೆಯ ಗುರುತು ಕೊಟ್ಟು, ಹೊಸದನ್ನು ಇಟ್ಟುಕೊಂಡರಾಯಿತು. ಪಿನ್ ಹಲವು ಬಾರಿ ತಪ್ಪಿದರೆ ವಿಂಡೋಸ್ 'ಎ1ಬಿ2ಸಿ3' ಎಂದು ಒತ್ತಲು ಹೇಳುತ್ತದೆ. ಇದನ್ನು ಕಂಡು ವೈರಸ್ ಬಂತೆಂದು ಗಾಬರಿಯಾಗಿ ಕರೆ ಮಾಡಿದವರಿದ್ದಾರೆ. ಕೀಲಿಮಣೆ ಸರಿಯಿದೆಯೇ, ಒತ್ತುವವರು ಮನುಷ್ಯರೇ ಎಂದು ವಿಂಡೋಸ್ ಕೇಳುವ ರೀತಿ ಅದು, ಅಷ್ಟೆ.

ಮುಂಬೈಯಲ್ಲಿ ನಿಜವಾಗಿ ಕೈಕೊಡುವುದು ಫೋನ್ ನಂಬರು. ಖಾತೆ ತೆರೆಯುವಾಗ ಕೊಟ್ಟದ್ದು ದುಬೈಯ ನಂಬರು, ಇಲ್ಲವೇ ಊರಿಗೆ ಹೋದಾಗ ಬಳಸುತ್ತಿದ್ದ ಹಳೆಯ ಸಿಮ್. ಓಟಿಪಿ ಅಲ್ಲಿಗೇ ಹೋಗುತ್ತದೆ. ನಂಬರು ಇನ್ನೂ ತಮ್ಮ ಹೆಸರಿನಲ್ಲೇ ಇದ್ದರೆ ಗುರುತಿನ ಚೀಟಿ ಕೊಟ್ಟು ಅದೇ ನಂಬರಿನ ಹೊಸ ಸಿಮ್ ಪಡೆಯಿರಿ ಎನ್ನುತ್ತೇನೆ. ಸಿಮ್ ಬದಲಿಸಿದ ಮೇಲೆ 24 ಗಂಟೆ ಸಂದೇಶಗಳು ಬರುವುದಿಲ್ಲ, ಅದು ವಂಚನೆ ತಡೆಯಲು ಮಾಡಿದ ನಿಯಮ, ಅಲ್ಲಿಯವರೆಗೆ ಓಟಿಪಿಗಾಗಿ ಮತ್ತೆ ಮತ್ತೆ ಗುಂಡಿ ಒತ್ತಬೇಡಿ ಎಂದೂ ಹೇಳಿ ಬರುತ್ತೇನೆ. ನಂಬರು ಪೂರ್ತಿ ಕೈಬಿಟ್ಟುಹೋಗಿದ್ದರೆ, ಬದಲಿ ಇಮೇಲ್ ಯಾವುದಾದರೂ ಕೊಟ್ಟಿದ್ದರೇ ಎಂದು ಹುಡುಕಬೇಕು. ಈ ಹುಡುಕಾಟದಲ್ಲಿ ನನ್ನ ಕೆಲಸ ಹಳೆಯ ಡೈರಿ ತಿರುವುವುದು, ಮಗಳಿಗೋ ಅಳಿಯನಿಗೋ ಕರೆ ಮಾಡಿಸುವುದು. ಕಂಪ್ಯೂಟರನ್ನು ಮುಟ್ಟುವುದೇ ಕಡಿಮೆ.

ಠಾಣೆಯ ಒಬ್ಬ ತಾಯಿಯ ಮನೆಯ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅವರ ಪತಿ ತೀರಿಕೊಂಡಿದ್ದರು. ಹೊಟ್ಟೆಪಾಡಿಗೆ ಬ್ಯಾಂಕು, ಜೀವಕ್ಕೆ ಯಕ್ಷಗಾನ ಎಂಬಂತೆ ಬದುಕಿದವರು. ತಾಳಮದ್ದಳೆಗೆ ಸಿದ್ಧಪಡಿಸಿಕೊಂಡ ಅರ್ಥದ ಟಿಪ್ಪಣಿಗಳೆಲ್ಲ ಲ್ಯಾಪ್‌ಟಾಪಿನಲ್ಲಿದ್ದವು, ಪಿನ್ ಯಾರಿಗೂ ಗೊತ್ತಿರಲಿಲ್ಲ. ಮಗ ಅದನ್ನು ಹತ್ತಿರದ ಒಂದು ಅಂಗಡಿಗೆ ಒಯ್ದಿದ್ದ. ಅಲ್ಲಿಯವರು ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಲು ಸೆಕ್ಯೂರ್ ಬೂಟ್ ಎಂಬ ಕಾವಲನ್ನು ಬಂದ್ ಮಾಡಿದರು. ಯಾರೋ ತನ್ನನ್ನು ಕೆದಕುತ್ತಿದ್ದಾರೆಂದು, ಡಿಸ್ಕನ್ನು ಗೂಢಲಿಪಿಯಲ್ಲಿಟ್ಟು ಕಾಯುವ ವಿಂಡೋಸಿನ ಬೀಗವಾದ ಬಿಟ್‌ಲಾಕರ್ ಎಚ್ಚೆತ್ತು ನೀಲಿ ಪರದೆ ತೋರಿಸಿತು: 48 ಅಂಕಿಗಳ ರಿಕವರಿ ಕೀ ಕೊಡಿ. ಅಂಗಡಿಯವರು ಕೈಚೆಲ್ಲಿ, ಫಾರ್ಮ್ಯಾಟ್ ಒಂದೇ ದಾರಿ ಎಂದರು. ಆ ತಾಯಿ ಒಪ್ಪಲಿಲ್ಲ. ಅವರ ಹಟಕ್ಕೆ ನನ್ನ ನಮಸ್ಕಾರ.

ಡಿಸ್ಕ್ ಹೀಗೆ ಗೂಢಲಿಪಿಯಲ್ಲಿದ್ದರೆ ಅದನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೂ ಪ್ರಯೋಜನವಿಲ್ಲ. ಕಳೆದುಹೋದ ಕೀಯನ್ನು ಮೈಕ್ರೋಸಾಫ್ಟಿನವರೂ ಹೊಸದಾಗಿ ಮಾಡಿಕೊಡಲಾರರು. ಆದರೆ ಮನೆಯ ಲ್ಯಾಪ್‌ಟಾಪುಗಳಲ್ಲಿ ಗೂಢಲಿಪಿ ತಾನಾಗಿ ಚಾಲೂ ಆದಾಗ, ಆ ಕೀ ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಆ ಮನೆಯಲ್ಲಿ ಪತಿಯ ಸಿಮ್ ಇನ್ನೂ ಜೀವಂತವಾಗಿತ್ತು. ಬ್ಯಾಂಕಿನ ಕೆಲಸಗಳಿಗೆ ಬೇಕೆಂದು ಅವರು ಅದಕ್ಕೆ ರೀಚಾರ್ಜ್ ಮಾಡಿಸುತ್ತಿದ್ದರು. ಲ್ಯಾಪ್‌ಟಾಪಿನ ಬಿಲ್ಲು, ಮರಣ ಪ್ರಮಾಣಪತ್ರ ಎರಡನ್ನೂ ನೋಡಿದೆ. ಮಗ ಪಕ್ಕದಲ್ಲಿ ಕುಳಿತ, ಓಟಿಪಿಯನ್ನು ತಾಯಿಯೇ ಓದಿದರು. ಖಾತೆಯಲ್ಲಿ ಮೂರು ಕೀಗಳಿದ್ದವು. ನೀಲಿ ಪರದೆಯ ಮೇಲಿದ್ದ ಗುರುತಿನ ಮೊದಲ 8 ಅಕ್ಷರಗಳಿಗೆ ಹೊಂದುವುದನ್ನು ಆರಿಸಿದೆವು. ಆರಾರು ಅಂಕಿಗಳ ಎಂಟು ಗುಂಪು. ತಾಯಿ ಓದುತ್ತಾ ಹೋದರು, ಮಗ ಒತ್ತುತ್ತಾ ಹೋದ. ಪ್ರತಿ ಗುಂಪೂ 11ರಿಂದ ಭಾಗವಾಗುವ ಸಂಖ್ಯೆಯಾಗಿರುವುದರಿಂದ ಒಂದಂಕಿ ತಪ್ಪಿದರೂ ಪರದೆ ಅಲ್ಲೇ ತಡೆಯುತ್ತದೆ. ಒಂದು ಕಡೆ ತಡೆಯಿತು, ತಿದ್ದಿದೆವು. ವಿಂಡೋಸ್ ಎದ್ದಿತು, ಹೊಸ ಪಿನ್ ಇಟ್ಟೆವು.

ಆಮೇಲೆ ಇನ್ನೊಂದು ಗಾಬರಿ. ಟಿಪ್ಪಣಿಗಳನ್ನು ಮಗನ ಲ್ಯಾಪ್‌ಟಾಪಿಗೆ ನಕಲಿಸಿ ತೆರೆದರೆ ಅಕ್ಷರಗಳೇ ಇಲ್ಲ, ತಲೆಯ ಮೇಲೆ ಕೊಂಬು ಚುಕ್ಕೆ ಹೊತ್ತ ರೋಮನ್ ಲಿಪಿಯ ಸಾಲುಗಳು. "ಎಲ್ಲ ಹಾಳಾಯಿತಾ?" ಎಂದು ತಾಯಿ ಕೇಳಿದರು. ಹಾಳಾಗಿರಲಿಲ್ಲ. ಯಜಮಾನರು ಬರೆದಿದ್ದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟಿನಲ್ಲಿ, ಮಗನ ಯಂತ್ರದಲ್ಲಿ ಆ ಫಾಂಟು ಇರಲಿಲ್ಲ. ಫಾಂಟು ಹಾಕಿದ ಮೇಲೆ ಕರ್ಣಾರ್ಜುನರ ಸಂವಾದ ಕನ್ನಡದಲ್ಲಿ ಬಂತು. ಎಲ್ಲವನ್ನೂ ಈಗಿನ ಯಂತ್ರಗಳೆಲ್ಲ ಓದುವ ಯೂನಿಕೋಡಿಗೆ ಬದಲಿಸಿ, ಮೂಲವನ್ನೂ ಹಾಗೇ ಉಳಿಸಿ, ಎರಡು ಡಿಸ್ಕುಗಳಿಗೆ ಹಾಕಿಕೊಟ್ಟೆ. ಕನ್ನಡದಲ್ಲಿ ಬರೆಯುವವರ ಹಳೆಯ ಕಂಪ್ಯೂಟರ್ ತೆರೆಯುವ ಯಾರೇ ಆಗಲಿ ಇದನ್ನು ನೆನಪಿಡಬೇಕು. ಸರಿಯಾಗಿರುವ ಫೈಲನ್ನೇ ಕೆಟ್ಟಿದೆ ಎಂದು ಅಳಿಸಿದವರನ್ನು ನಾನು ಕಂಡಿದ್ದೇನೆ.

ಗೂಢಲಿಪಿ ಇಲ್ಲದ ಹಳೆಯ ಯಂತ್ರ, ಸ್ಥಳೀಯ ಖಾತೆ, ಭದ್ರತಾ ಪ್ರಶ್ನೆಗಳಿಗೂ ಉತ್ತರ ನೆನಪಿಲ್ಲ ಎಂದಾದರೆ, ಡಿಸ್ಕನ್ನು ಬಿಚ್ಚಿ ಮೊದಲು ಪೂರ್ತಿ ಪ್ರತಿ ತೆಗೆಯುತ್ತೇನೆ. ಪಾಸ್‌ವರ್ಡನ್ನು ಬಲವಂತವಾಗಿ ತೆಗೆದರೆ ಬ್ರೌಸರಿನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡುಗಳು ಸಾಮಾನ್ಯವಾಗಿ ಕೈತಪ್ಪುತ್ತವೆ ಎಂಬುದನ್ನು ಕೆಲಸಕ್ಕೆ ಮೊದಲೇ ಹೇಳುತ್ತೇನೆ.

ಎಲ್ಲರ ಕೆಲಸವನ್ನೂ ಒಪ್ಪುವುದಿಲ್ಲ. ಬಿಲ್ಲಿಲ್ಲದೆ ಬಂದ ಲ್ಯಾಪ್‌ಟಾಪು, ಹೆಂಡತಿಗೆ ತಿಳಿಯದಂತೆ ತೆರೆಯಬೇಕಾದ ಅವಳ ಲ್ಯಾಪ್‌ಟಾಪು, ಕೆಲಸ ಬಿಟ್ಟ ಕಂಪನಿಯ ಲ್ಯಾಪ್‌ಟಾಪು, ಇವುಗಳನ್ನು ಮುಟ್ಟುವುದಿಲ್ಲ. ಮಾಲೀಕರ ಅನುಮತಿಯಿಲ್ಲದೆ ದುರುದ್ದೇಶದಿಂದ ಕಂಪ್ಯೂಟರಿಗೆ ಕೈಹಾಕಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಕಾಯ್ದೆ ಇಲ್ಲದಿದ್ದರೂ ಮುಟ್ಟುತ್ತಿರಲಿಲ್ಲ. ಊರವರೆಂಬ ಸಲುಗೆಯಿಂದ ಒತ್ತಾಯಿಸುವವರಿಗೂ ಇದೇ ಉತ್ತರ.

ಲ್ಯಾಪ್‌ಟಾಪಿನ ಬೀಗ ತೆರೆದ ಮೇಲೆ ಆ ಮನೆಯಿಂದ ಈಗ ಹಾಗೆಯೇ ಎದ್ದು ಬರುವುದಿಲ್ಲ. ಖಾತೆಯಲ್ಲಿ ಇಂದಿನ ಫೋನ್ ನಂಬರು ಹಾಕಿಸಿ, ಮಗನದೋ ಮಗಳದೋ ಇಮೇಲನ್ನು ಬದಲಿ ವಿಳಾಸವಾಗಿ ಸೇರಿಸುತ್ತೇನೆ. ಇದನ್ನು ಮೊದಲೇ ಮಾಡದೆ, ಹಳೆಯ ಗುರುತುಗಳೆಲ್ಲ ಕೈತಪ್ಪಿದ ಮೇಲೆ ಬದಲಿಸಲು ಹೊರಟರೆ ಮೈಕ್ರೋಸಾಫ್ಟ್ 30 ದಿನ ಕಾಯಿಸುತ್ತದೆ. 48 ಅಂಕಿಗಳ ಕೀಯನ್ನು ಕಾಗದದ ಮೇಲೆ ಮುದ್ರಿಸಿ, ಅದು ಯಾವ ಲ್ಯಾಪ್‌ಟಾಪಿನದೆಂದು ಮೇಲೆ ಕನ್ನಡದಲ್ಲಿ ಬರೆದು, ಮನೆಪತ್ರ ಮತ್ತು ವಿಮೆಯ ಕಾಗದಗಳಿರುವ ಫೈಲಿನಲ್ಲಿ ಇಡಿಸುತ್ತೇನೆ. ಲ್ಯಾಪ್‌ಟಾಪಿನ ಚೀಲದಲ್ಲಿ ಇಡಲು ಬಿಡುವುದಿಲ್ಲ, ಚೀಲ ಲೋಕಲ್ ರೈಲಿನಲ್ಲಿ ಹೋದರೆ ಕೀಯೂ ಅದರೊಡನೆ ಹೋಗುತ್ತದೆ.