ಫೇರ್‌ಫ್ಯಾಕ್ಸ್ ಕೌಂಟಿಯ ವಲಯ ನಿಯಮ: ಹಳತು-ಹೊಸತು ಹೋಲಿಕೆ ಪಟ್ಟಿ ಎಲ್ಲಿಗೆ ಬಂತು

ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಹನ್ನೊಂದು ಲಕ್ಷಕ್ಕೂ ಮಿಕ್ಕಿ ಜನ ಇದ್ದಾರೆ. ಅಲ್ಲಿ ಮನೆ ಮಾಡಿಕೊಂಡ ಕನ್ನಡದವರೂ ಇದ್ದಾರೆ. ಬೇಲಿ ಎಷ್ಟು ಎತ್ತರ, ಹಿತ್ತಲಿನಲ್ಲಿ ಡೆಕ್ (ಮನೆಗೆ ಹೊಂದಿದ ತೆರೆದ ಜಗಲಿ) ಎಷ್ಟು ದೂರ, ಊರಿಂದ ಬಂದ ಅಪ್ಪ-ಅಮ್ಮನಿಗೆ ಬೇಸ್‌ಮೆಂಟಿನಲ್ಲಿ ಬೇರೆ ಅಡುಗೆಮನೆ ಹಾಕಿಸಬಹುದೇ ಎಂಬಂಥ ಪ್ರಶ್ನೆಗಳಿಗೆ ಉತ್ತರ ಇರುವುದು ಕೌಂಟಿಯ ಝೋನಿಂಗ್ ಆರ್ಡಿನೆನ್ಸಿನಲ್ಲಿ, ಅಂದರೆ ಯಾವ ವಲಯದಲ್ಲಿ ಏನು ಕಟ್ಟಬಹುದು ಎಂದು ಹೇಳುವ ನಿಯಮಾವಳಿಯಲ್ಲಿ. 1978ರಿಂದ ಜಾರಿಯಲ್ಲಿದ್ದ ಆ ನಿಯಮಾವಳಿಯನ್ನು ಕೌಂಟಿ ಈಚೆಗೆ ಬುಡದಿಂದ ತಿರುಗಿ ಬರೆಯಿತು. ಆ ಯೋಜನೆಯ ಹೆಸರು ಝೀಮಾಡ್. ಹಳೆಯ ಕಲಮು ಹೊಸದರಲ್ಲಿ ಎಲ್ಲಿ ಹೋಗಿ ಕೂತಿದೆ, ಕೂರುವಾಗ ಏನು ಬದಲಾಯಿತು ಎಂದು ತೋರಿಸುವ ಪಟ್ಟಿಯೇ ಈ ಕೆಲಸ. ವಾಸದ ವಲಯಗಳ ಭಾಗ ಮುಗಿದಿದೆ, ಪ್ಲಾನ್ಡ್ ವಲಯಗಳದ್ದು (ಮಂಜೂರಾದ ನಕ್ಷೆಯಂತೆ ಕಟ್ಟುವ ಕಡೆಗಳು) ಅರ್ಧ ಆಗಿದೆ, ಓವರ್‌ಲೇ ವಲಯಗಳನ್ನು (ಮೂಲ ವಲಯದ ಮೇಲೆ ಹೆಚ್ಚುವರಿ ನಿಯಮ ಹೇರುವಂಥವು) ಇನ್ನೂ ಮುಟ್ಟಿಲ್ಲ.

ಮೊದಲು ತಾರೀಖು, ಆಮೇಲೆ ಕಲಮು

ಪಟ್ಟಿಯ ಮೊದಲ ಕಾಲಂನಲ್ಲಿ ಕಲಮಿನ ಸಂಖ್ಯೆ ಬರೆಯುವುದು ಎಲ್ಲರಿಗೂ ತೋಚುವ ಕ್ರಮ. ಇಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ, ತಾರೀಖೇ ಮೊದಲು ಬರಬೇಕು. ಕಾರಣ ಇದು.

ಹೊಸ ನಿಯಮಾವಳಿಗೆ ಕೌಂಟಿಯ ಚುನಾಯಿತ ಆಡಳಿತ ಮಂಡಳಿಯಾದ ಬೋರ್ಡ್ ಆಫ್ ಸೂಪರ್‌ವೈಸರ್ಸ್ ಒಪ್ಪಿಗೆ ಕೊಟ್ಟದ್ದು 2021ರ ಮಾರ್ಚ್ 23ರಂದು, ಜಾರಿಗೆ ಬಂದದ್ದು ಜುಲೈ 1ರಂದು. ಆಗ ಕೋವಿಡ್ ಕಾಲ, ಸಭೆ ನಡೆದದ್ದು ಆನ್‌ಲೈನಿನಲ್ಲಿ. ಕೆಲವು ನಿವಾಸಿಗಳು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಸರಿಯಾಗಿ ಎರಡು ವರ್ಷಕ್ಕೆ, 2023ರ ಮಾರ್ಚ್ 23ರಂದು, ವರ್ಜೀನಿಯಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತುರ್ತಿನ ಕಾಲದಲ್ಲಿ ಆನ್‌ಲೈನ್ ಸಭೆಗೆ ಇದ್ದ ವಿನಾಯಿತಿ ಆಡಳಿತ ನಿಲ್ಲದಂತೆ ನೋಡಿಕೊಳ್ಳಲು ಬೇಕಾದ ಕೆಲಸಗಳಿಗೆ ಮಾತ್ರ, ನಿಯಮಾವಳಿಯನ್ನೇ ಬದಲಿಸುವ ತೀರ್ಮಾನ ಅದರಲ್ಲಿ ಬರುವುದಿಲ್ಲ, ಹಾಗಾಗಿ ರಾಜ್ಯದ ಮುಕ್ತ ಸಭೆ ಕಾನೂನಿನ ಉಲ್ಲಂಘನೆಯಾಗಿದೆ ಎಂಬುದು ತೀರ್ಪಿನ ತಿರುಳು. ನಿಯಮಾವಳಿ ಮೊದಲಿಂದಲೇ ಅನೂರ್ಜಿತ ಎಂದಾಯಿತು, 1978ರದ್ದಕ್ಕೆ ಮತ್ತೆ ಜೀವ ಬಂತು. ಬೋರ್ಡ್ 2023ರ ಮೇ 9ರಂದು ಮತ್ತೆ ವಿಚಾರಣೆ ನಡೆಸಿ ಹೊಸದನ್ನು ಅಂಗೀಕರಿಸಿತು, ಮರುದಿನದಿಂದ ಅದು ಜಾರಿ.

ಒಳಗಿನ ಒಂದು ಅಂಕಿಯನ್ನೂ ನ್ಯಾಯಾಲಯ ತಪ್ಪೆಂದು ಹೇಳಲಿಲ್ಲ. ವರ್ಷಗಟ್ಟಲೆಯ ಕರಡು, ಚರ್ಚೆ, ನಕ್ಷೆ ಎಲ್ಲವೂ ಬಿದ್ದುಹೋದದ್ದು ಸಭೆ ನಡೆದ ರೀತಿಯೊಂದರಿಂದ. ಯಾವ ಊರಿನ ನಿಯಮಾವಳಿಯನ್ನು ತಿದ್ದಲು ಹೊರಟವರೂ ವಿಷಯದಷ್ಟೇ ಕಾಳಜಿಯನ್ನು ನೋಟಿಸು, ಸಭೆ, ಮತದಾನದ ವಿಧಾನಕ್ಕೂ ಕೊಡಬೇಕು ಎನ್ನಲು ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಪಟ್ಟಿಯಲ್ಲಿ ಇದರ ಪರಿಣಾಮ ಹೀಗೆ. ಪ್ರತಿ ಸಾಲಿಗೂ ಕಾಲದ ಗುರುತು ಹಾಕಿದೆ: 2021ರ ಜೂನ್ ಕೊನೆಯವರೆಗೆ ಒಂದು, ಅಲ್ಲಿಂದ 2023ರ ಮಾರ್ಚ್ 23ರವರೆಗೆ ಎರಡು, ಅಂದಿನಿಂದ ಮೇ 9ರವರೆಗೆ ಮೂರು, ಮೇ 10ರಿಂದ ಈಚೆಗೆ ನಾಲ್ಕು. ಹಳೆಯ ಅನುಮತಿಪತ್ರ ಹಿಡಿದುಕೊಂಡು ಬರುವವರು ಮೊದಲು ನೋಡಬೇಕಾದದ್ದು ಅದರ ಮೇಲಿನ ತಾರೀಖನ್ನು. ಎರಡನೇ ಕಾಲದ ಕಾಗದವಾದರೆ ಪಟ್ಟಿಯನ್ನು ನಂಬಿ ಮುಂದುವರಿಯದೆ ಕೌಂಟಿಯ ಝೋನಿಂಗ್ ವಿಭಾಗದಿಂದಲೇ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.

ಇಪ್ಪತ್ತರಿಂದ ಒಂಬತ್ತಕ್ಕೆ

ಹಳೆಯದರಲ್ಲಿ 20 ಅಧ್ಯಾಯ, ಹೊಸದರಲ್ಲಿ 9. ಸ್ಥೂಲ ಹೊಂದಾಣಿಕೆ ಹೀಗಿದೆ: ಹಳೆಯ 3ರಿಂದ 6 (ವಾಸ, ವಾಣಿಜ್ಯ, ಕೈಗಾರಿಕೆ, ಪ್ಲಾನ್ಡ್ ವಲಯಗಳು) ಒಡೆದು, ಅಳತೆಗಳೆಲ್ಲ ಹೊಸ 2ಕ್ಕೆ, ಬಳಕೆಗಳೆಲ್ಲ ಹೊಸ 4ಕ್ಕೆ ಹೋಗಿವೆ. ಓವರ್‌ಲೇ 7ರಿಂದ 3ಕ್ಕೆ. ಪಾರ್ಕಿಂಗ್ 11ರಿಂದ 6ಕ್ಕೆ, ಫಲಕಗಳು 12ರಿಂದ 7ಕ್ಕೆ. ಗಿಡಮರ ಮತ್ತು ಮರೆಯ ನಿಯಮ 13ರಿಂದ 5ಕ್ಕೆ. ಅರ್ಜಿ, ವಿಧಾನ, ಮಂಡಳಿಗಳ ವಿಷಯ ಬಹುಪಾಲು 8ಕ್ಕೆ. ವ್ಯಾಖ್ಯೆಗಳು 20ರಿಂದ 9ಕ್ಕೆ.

ಹಳೆಯ ಸಂಖ್ಯೆ 3-307 ಎಂಬ ರೀತಿಯದು. ಅಡ್ಡಗೆರೆಗೆ ಮೊದಲಿನದು ಅಧ್ಯಾಯ, ಆಮೇಲಿನದು ವಲಯ ಮತ್ತು ವಿಷಯ. ಆರ್-3 ಎಂಬ ವಾಸದ ವಲಯದಲ್ಲಿ 3-306 ನಿವೇಶನದ ವಿಸ್ತೀರ್ಣ, 3-307 ಎತ್ತರ ಮತ್ತು ಸೆಟ್‌ಬ್ಯಾಕ್ (ನಿವೇಶನದ ಗಡಿಯಿಂದ ಕಟ್ಟಡಕ್ಕೆ ಬಿಡಬೇಕಾದ ಜಾಗ). ಹೊಸದು ನಾಲ್ಕಂಕಿಯದು, ಮೊದಲ ಅಂಕಿಯೇ ಅಧ್ಯಾಯ. 4102 ಎಂದರೆ ನಾಲ್ಕನೆಯ ಅಧ್ಯಾಯದ ಬಳಕೆ ನಿಯಮ.

ಹಳೆಯದರಲ್ಲಿ ಪ್ರತಿ ವಲಯಕ್ಕೂ ಅನುಮತಿಯಿರುವ ಬಳಕೆಗಳನ್ನು ಮತ್ತೆ ಮತ್ತೆ ಸಾಲಾಗಿ ಬರೆದಿತ್ತು. ಹೊಸದರಲ್ಲಿ ಒಂದೇ ಕೋಷ್ಟಕ: ಎಡಗಡೆ ಬಳಕೆ, ಮೇಲುಗಡೆ ವಲಯ, ಎರಡೂ ಕೂಡುವ ಚೌಕದಲ್ಲಿ ಒಂದು ಗುರುತು. ಓದುವವರಿಗೆ ದೊಡ್ಡ ಅನುಕೂಲ. ಆದರೆ ಹೋಲಿಸುವವರಿಗೆ ತೊಡಕು ಇಲ್ಲೇ. ಹತ್ತಿರಹತ್ತಿರದ ಬಳಕೆಗಳನ್ನು ಒಂದೇ ಹೆಸರಿನಡಿ ತಂದಿರುವುದರಿಂದ ಹಳೆಯ ಎರಡು ಸಾಲು ಹೊಸ ಒಂದಾಗುತ್ತವೆ. ಹಿಂದೆ ಹೋಮ್ ಆಕ್ಯುಪೇಷನ್ (ಮನೆಯಲ್ಲೇ ನಡೆಸುವ ಉದ್ಯೋಗ) ಮತ್ತು ಹೋಮ್ ಪ್ರೊಫೆಷನಲ್ ಆಫೀಸ್ (ಮನೆಯಲ್ಲಿನ ವೃತ್ತಿ ಕಚೇರಿ) ಬೇರೆಬೇರೆ ಇದ್ದವು. ಈಗ ಎರಡೂ ಸೇರಿ ಹೋಮ್-ಬೇಸ್ಡ್ ಬಿಸಿನೆಸ್. ಒಂದಕ್ಕೊಂದು ಎಂದು ಕಾಲಂ ಮಾಡಿದರೆ ಇಂಥ ಕಡೆ ಒಂದು ಸಾಲು ಕಾಣೆಯಾಗುತ್ತದೆ. ಅದಕ್ಕೆ ಪಟ್ಟಿಯಲ್ಲಿ 'ಸೇರಿತು', 'ಒಡೆಯಿತು', 'ಸ್ಥಳ ಮಾತ್ರ ಬದಲು', 'ಅಂಕಿ ಬದಲು', 'ಬಿಟ್ಟರು' ಎಂಬ ಐದು ಗುರುತುಗಳಲ್ಲಿ ಒಂದು ಕಡ್ಡಾಯ. 'ಬಿಟ್ಟರು' ಎಂದು ಹಾಕುವ ಮುನ್ನ ಹೊಸ 9ನೇ ಅಧ್ಯಾಯದ ವ್ಯಾಖ್ಯೆಗಳನ್ನು ಹುಡುಕಲೇಬೇಕು; ನಿಯಮವೊಂದು ಕಲಮಿನಿಂದ ಎದ್ದು ವ್ಯಾಖ್ಯೆಯೊಳಗೆ ಸೇರಿಕೊಂಡಿರುವ ಸಾಧ್ಯತೆ ಯಾವಾಗಲೂ ಇದೆ.

ವಾಸದ ವಲಯಗಳು

ಬಹುತೇಕ ಅಂಕಿಗಳು ಹಳೆಯವೇ. ಮಾಮೂಲಿ ಬಡಾವಣೆಯ ಒಂಟಿ ಮನೆಗೆ:

ಆರ್-1: ನಿವೇಶನ ಕನಿಷ್ಠ 36,000 ಚದರ ಅಡಿ, ಮುಂದೆ 40 ಅಡಿ, ಪಕ್ಕ 20, ಹಿಂದೆ 25.
ಆರ್-2: 15,000 ಚದರ ಅಡಿ, 35, 15, 25.
ಆರ್-3: 10,500 ಚದರ ಅಡಿ, 30, 12, 25.
ಆರ್-4: 8,400 ಚದರ ಅಡಿ, 30, 10, 25.

ಬೆಂಗಳೂರಿನಲ್ಲಿ ಸೈಟಿನ ಅಳತೆ, ರಸ್ತೆಯ ಅಗಲ ನೋಡಿ ಸೆಟ್‌ಬ್ಯಾಕ್ ಮತ್ತು ಎಫ್‌ಎಆರ್ (ನಿವೇಶನಕ್ಕೆ ಹೋಲಿಸಿ ಎಷ್ಟು ಕಟ್ಟಬಹುದೆಂಬ ಪ್ರಮಾಣ) ಲೆಕ್ಕ ಹಾಕಿ ರೂಢಿಯಾದವರಿಗೆ ಇದು ಮೊದಲು ವಿಚಿತ್ರವೆನಿಸುತ್ತದೆ. ಈ ಒಂಟಿಮನೆ ವಲಯಗಳಲ್ಲಿ ಸೆಟ್‌ಬ್ಯಾಕನ್ನು ನಿರ್ಧರಿಸುವುದು ವಲಯದ ಹೆಸರು, ರಸ್ತೆಯ ಅಗಲವಲ್ಲ.

ಆದರೆ ವಲಯದ ಹೆಸರು ಓದಿ ಅಷ್ಟಕ್ಕೇ ನಿಲ್ಲಿಸುವುದು ಅತಿ ಹೆಚ್ಚು ನಡೆಯುವ ತಪ್ಪು. ಆರ್-3ರೊಳಗೆ ಕ್ಲಸ್ಟರ್ ಬಡಾವಣೆಗಳಿವೆ. ಒಂದಷ್ಟು ಜಾಗವನ್ನು ಬಯಲಾಗಿ ಬಿಟ್ಟು, ಅದಕ್ಕೆ ಬದಲಾಗಿ ನಿವೇಶನಗಳನ್ನು ಚಿಕ್ಕದು ಮಾಡಿದವು. ಅಲ್ಲಿ ನಿವೇಶನ 8,500 ಚದರ ಅಡಿಗೆ ಇಳಿಯುತ್ತದೆ. ಮುಂದೆ 20 ಅಡಿ ಸಾಕು. ಪಕ್ಕದಲ್ಲಿ ಕನಿಷ್ಠ 8, ಆದರೆ ಎರಡೂ ಪಕ್ಕ ಸೇರಿ 20 ಆಗಬೇಕು. ಒಂದು ಕಡೆ 8 ಬಿಟ್ಟಿದ್ದರೆ ಇನ್ನೊಂದು ಕಡೆ 12 ಬೇಕೇಬೇಕು. ಗ್ಯಾರೇಜು ಅಗಲಿಸಲು ಹೊರಟು, ಎಂಟು ಅಡಿ ಉಳಿದರೆ ಸಾಕೆಂದು ನಕ್ಷೆ ಬರೆಸಿದವರ ಅರ್ಜಿ ತಿರುಗಿ ಬರುವುದು ಈ ಮೊತ್ತದ ಲೆಕ್ಕದಲ್ಲೇ. ಬಡಾವಣೆ ಕ್ಲಸ್ಟರ್ ಹೌದೋ ಅಲ್ಲವೋ ಎಂಬುದನ್ನು ದಾಖಲಾದ ಪ್ಲಾಟ್ ನಕ್ಷೆಯಲ್ಲಿ ನೋಡಿ ಖಚಿತ ಮಾಡಿಕೊಳ್ಳಬೇಕು.

ಮೂಲೆ ನಿವೇಶನಕ್ಕೆ ಎರಡು ಮುಂಭಾಗ. ಬೇಲಿಯ ಮಿತಿ ಮುಂದೆ 4 ಅಡಿ, ಪಕ್ಕ ಮತ್ತು ಹಿಂದೆ 7 ಅಡಿ. ಮನೆಯವರು 'ಪಕ್ಕ' ಎಂದುಕೊಂಡ ಅಡ್ಡರಸ್ತೆಯ ಕಡೆಯೂ ಕೌಂಟಿಯ ಲೆಕ್ಕದಲ್ಲಿ ಮುಂಭಾಗವೇ, ಅಲ್ಲೂ 4 ಅಡಿಯೇ. ಬೇಲಿ ನೆಟ್ಟ ಮೇಲೆ ಗೊತ್ತಾದರೆ ಕೀಳುವ ಖರ್ಚು ಮನೆಯವರದ್ದು.

ಡೆಕ್: ನೆಲಮಟ್ಟದಿಂದ 4 ಅಡಿಗಿಂತ ಎತ್ತರದ, ಮೇಲೆ ಏನೂ ಮುಚ್ಚದ ಡೆಕ್ ಹಿಂದಿನ ಸೆಟ್‌ಬ್ಯಾಕಿನೊಳಗೆ 12 ಅಡಿಯವರೆಗೆ ಚಾಚಬಹುದು. 25ರಲ್ಲಿ 12 ಕಳೆದರೆ ಹಿಂದಿನ ಗಡಿಯಿಂದ 13 ಅಡಿ. ಅದೇ ಡೆಕ್ಕಿಗೆ ಚಾವಣಿ ಹಾಕಿದರೆ ಈ ರಿಯಾಯಿತಿಯ ಮೇಲೆ ಭರವಸೆ ಇಡುವಂತಿಲ್ಲ. 'ಈಗ ಡೆಕ್, ಮುಂದಿನ ವರ್ಷ ಮುಚ್ಚಿಸೋಣ' ಎಂದು ಯೋಚಿಸುವವರು ಚಾವಣಿಯ ಲೆಕ್ಕವನ್ನು ಮೊದಲೇ ಮಾಡಿಸಬೇಕು.

ಬೇಸ್‌ಮೆಂಟಿನ ಮನೆ

ಅತಿ ಹೆಚ್ಚು ಬದಲಾದದ್ದು, ನಮ್ಮವರಿಗೆ ಅತಿ ಹೆಚ್ಚು ಬೇಕಾದದ್ದು ಇದು. ಹಿಂದೆ ಮನೆಯೊಳಗೆ ಇನ್ನೊಂದು ಪುಟ್ಟ ಮನೆ ಮಾಡಲು ಬೋರ್ಡ್ ಆಫ್ ಝೋನಿಂಗ್ ಅಪೀಲ್ಸ್ ಎಂಬ ಮೇಲ್ಮನವಿ ಮಂಡಳಿಯ ಮುಂದೆ ವಿಚಾರಣೆಯಾಗಿ ಸ್ಪೆಷಲ್ ಪರ್ಮಿಟ್ ಸಿಗಬೇಕಿತ್ತು. ವಾಸಿಸುವವರಲ್ಲಿ ಒಬ್ಬರಾದರೂ 55 ದಾಟಿದವರೋ ಅಂಗವಿಕಲರೋ ಆಗಿರಬೇಕಿತ್ತು. ಗಾತ್ರ ಮುಖ್ಯ ಮನೆಯ ಶೇ 35ರೊಳಗೆ. ಹೊಸದರಲ್ಲಿ ಇದರ ಹೆಸರು ಆಕ್ಸೆಸರಿ ಲಿವಿಂಗ್ ಯೂನಿಟ್. ಮನೆಯೊಳಗೇ ಇದ್ದು ಮಿತಿಯೊಳಗಿದ್ದರೆ ವಯಸ್ಸಿನ ಷರತ್ತಿಲ್ಲ, ವಿಚಾರಣೆ ಇಲ್ಲ, ಕಚೇರಿಯ ಮಟ್ಟದಲ್ಲೇ ಅನುಮತಿ. ಮಿತಿ: 800 ಚದರ ಅಡಿ ಅಥವಾ ಮುಖ್ಯ ಮನೆಯ ಶೇ 40, ಯಾವುದು ಕಡಿಮೆಯೋ ಅದು; 2021ರ ಜುಲೈ 1ರಂದು ಇದ್ದ ಬೇಸ್‌ಮೆಂಟಾದರೆ ಮಾತ್ರ ಈ ಮಿತಿ ಮೀರಿದರೂ ಅದನ್ನು ಪೂರ್ತಿ ಬಳಸಬಹುದು. ಇಬ್ಬರಿಗಿಂತ ಹೆಚ್ಚು ಜನ, ಎರಡಕ್ಕಿಂತ ಹೆಚ್ಚು ಮಲಗುವ ಕೋಣೆ ಕೂಡದು. ಮುಖ್ಯ ಮನೆ, ಪುಟ್ಟ ಮನೆ ಎರಡರಲ್ಲಿ ಒಂದರಲ್ಲಿ ಮಾಲೀಕರು ವಾಸವಿರಬೇಕು. ಕಾರು ನಿಲ್ಲಿಸಲು ಹೆಚ್ಚುವರಿ ಒಂದು ಜಾಗ ಬೇಕು.

'ಯಾವುದು ಕಡಿಮೆಯೋ ಅದು' ಎಂಬುದನ್ನು ಲೆಕ್ಕ ಹಾಕಿ ತೋರಿಸದಿದ್ದರೆ ಎಲ್ಲರೂ 800 ಎಂದೇ ಓದುತ್ತಾರೆ. 1,800 ಚದರ ಅಡಿಯ ಮನೆಗೆ ಶೇ 40 ಎಂದರೆ 720, ಅಷ್ಟೇ ಸಿಗುವುದು. 2,000ಕ್ಕೆ ಎರಡೂ ಸಮ. 3,000 ಚದರ ಅಡಿಯ ಮನೆಗೆ 1,200 ಬಂದರೂ ಮಿತಿ 800. ಹೆಚ್ಚುವರಿ ಕಾರಿನ ಜಾಗಕ್ಕೆ ಮುಂದಿನ ಅಂಗಳಕ್ಕೆ ಕಾಂಕ್ರೀಟು ಸುರಿಸುವ ಮುನ್ನ ಇನ್ನೊಂದು ಅಂಕಿ ನೋಡಬೇಕು: ಆರ್-1, ಆರ್-2ರಲ್ಲಿ ಮುಂಭಾಗದ ಶೇ 25, ಆರ್-3, ಆರ್-4ರಲ್ಲಿ ಶೇ 30ಕ್ಕಿಂತ ಹೆಚ್ಚನ್ನು ವಾಹನಕ್ಕಾಗಿ ಗಟ್ಟಿ ನೆಲ ಮಾಡಬಾರದು. ಒಂದು ಷರತ್ತನ್ನು ಪೂರೈಸಲು ಹೋಗಿ ಇನ್ನೊಂದನ್ನು ಮುರಿಯುವುದು ಇಲ್ಲಿಯೇ.

ಪ್ಲಾನ್ಡ್ ವಲಯ: ಅರ್ಧ ಕೆಲಸ

ಪಿಡಿಎಚ್ (ಪ್ಲಾನ್ಡ್ ಡೆವಲಪ್‌ಮೆಂಟ್ ಹೌಸಿಂಗ್) ವಲಯದ ಮನೆಗಳಿಗೆ ಮೇಲಿನ ಕೋಷ್ಟಕ ಅನ್ವಯಿಸುವುದಿಲ್ಲ. ಮಂಜೂರಾದ ಅಭಿವೃದ್ಧಿ ನಕ್ಷೆಯೇ ಅಲ್ಲಿ ನಿಯಮ. ಅದರ ಜೊತೆ ಪ್ರಾಫರ್‌ಗಳಿರುತ್ತವೆ, ಅಂದರೆ ವಲಯ ಬದಲಿಸಿಕೊಳ್ಳುವಾಗ ಮಾಲೀಕರು ಬರೆದುಕೊಟ್ಟು ಕೌಂಟಿ ಒಪ್ಪಿದ ಷರತ್ತುಗಳು. ಪ್ರಾಫರ್ ಭೂಮಿಯ ಜೊತೆ ಹೋಗುತ್ತದೆ. ಮಾಲೀಕರು ಬದಲಾದರೂ, ನಿಯಮಾವಳಿ ಹೊಸದಾದರೂ ಅದು ಹಾಗೇ ಉಳಿಯುತ್ತದೆ. 1980ರ ದಶಕದ ಪ್ರಾಫರ್ ಹಳೆಯ ಕಲಮಿನ ಸಂಖ್ಯೆಯನ್ನು ಹೆಸರಿಸಿದ್ದರೆ ಆ ಕಲಮನ್ನು ಇವತ್ತೂ ಓದಲೇಬೇಕು. ಹಳೆಯ ಮಂಜೂರಾತಿಗಳಿಗೆಂದೇ ಹೊಸ ನಿಯಮಾವಳಿಯ ಕೊನೆಯಲ್ಲಿ ಒಂದು ಅನುಬಂಧ ಇದೆ. ಹೊಸದು ಬಂತೆಂದು ಹಳೆಯ ಪುಸ್ತಕವನ್ನು ಅಳಿಸುವ ಕೌಂಟಿ ತನ್ನದೇ ಒಪ್ಪಂದಗಳನ್ನು ಓದಲಾರದೆ ಹೋಗುತ್ತದೆ. ಪಟ್ಟಿಯ ಈ ಭಾಗ ನಿಧಾನವಾಗಲು ಕಾರಣ, ಪ್ರತಿ ಬಡಾವಣೆಯ ಕಡತವನ್ನೂ ಬೇರೆಬೇರೆ ತೆಗೆಯಬೇಕು.

ಆಮೇಲೆ ಬಂದ ತಿದ್ದುಪಡಿಗಳು

ಪಾರ್ಕಿಂಗ್ ಅಧ್ಯಾಯವನ್ನು ಬೋರ್ಡ್ 2023ರ ಸೆಪ್ಟೆಂಬರ್ 26ರಂದು ಮತ್ತೆ ಬದಲಿಸಿತು, 2024ರ ಜನವರಿ 1ರಿಂದ ಜಾರಿ. ಅಪಾರ್ಟ್‌ಮೆಂಟಿಗೆ ಮನೆಯೊಂದಕ್ಕೆ 1.6 ಇದ್ದ ಕಾರಿನ ಜಾಗ 1.3ಕ್ಕೆ ಇಳಿಯಿತು. ಡೇಟಾ ಸೆಂಟರ್‌ಗಳ ನಿಯಮ ಬಿಗಿಯಾದದ್ದು 2024ರ ಸೆಪ್ಟೆಂಬರ್ 10ರಂದು. ಹಾಗಾಗಿ ನಾಲ್ಕನೇ ಕಾಲದೊಳಗೂ 6ನೇ ಅಧ್ಯಾಯಕ್ಕೆ ಪ್ರತ್ಯೇಕ ತಾರೀಖಿನ ಕಾಲಂ ಸೇರಿಸಿದೆ.

ಪಟ್ಟಿ ಬಳಸುವ ಮುನ್ನ

ಅಂಚೆ ವಿಳಾಸ ನಂಬಬೇಡಿ. ವಿಳಾಸದಲ್ಲಿ ಫಾಲ್ಸ್ ಚರ್ಚ್, ಅಲೆಕ್ಸಾಂಡ್ರಿಯಾ ಎಂದಿದ್ದರೂ ಮನೆ ಕೌಂಟಿಯದ್ದಾಗಿರಬಹುದು. ಫೇರ್‌ಫ್ಯಾಕ್ಸ್ ನಗರ, ಫಾಲ್ಸ್ ಚರ್ಚ್ ನಗರಗಳು ಸ್ವತಂತ್ರ. ವಿಯೆನ್ನಾ, ಹರ್ನ್‌ಡನ್, ಕ್ಲಿಫ್ಟನ್ ಪಟ್ಟಣಗಳು ಕೌಂಟಿಯೊಳಗಿದ್ದರೂ ಅವುಗಳ ಝೋನಿಂಗ್ ಬೇರೆ. ಟ್ಯಾಕ್ಸ್ ಮ್ಯಾಪ್ ನಂಬರ್ (ತೆರಿಗೆ ನಕ್ಷೆಯಲ್ಲಿ ಪ್ರತಿ ನಿವೇಶನಕ್ಕೆ ಕೊಟ್ಟ ಸಂಖ್ಯೆ) ಹಾಕಿ ನೋಡಿದರೆ ಖಚಿತ.

ಝೋನಿಂಗ್ ಒಪ್ಪಿದರೂ ಉಳಿದ ನಿಯಮಗಳು ನಿಲ್ಲುತ್ತವೆ. 2,500 ಚದರ ಅಡಿಗಿಂತ ಹೆಚ್ಚು ನೆಲ ಕೆದಕುವುದಾದರೆ ಗ್ರೇಡಿಂಗ್ ನಕ್ಷೆ (ನೆಲದ ಏರಿಳಿತ, ನೀರಿನ ಹರಿವು ತೋರಿಸುವಂಥದು) ಬೇಕಾಗಬಹುದು. ಹಿತ್ತಲಲ್ಲಿ ವರ್ಷವಿಡೀ ಹರಿಯುವ ಹಳ್ಳವಿದ್ದರೆ ಚೆಸಪೀಕ್ ಕೊಲ್ಲಿ ಸಂರಕ್ಷಣಾ ನಿಯಮದ 100 ಅಡಿ ಅಗಲದ ರಕ್ಷಿತ ಅಂಚು ಬರುತ್ತದೆ. ಮನೆಮಾಲೀಕರ ಸಂಘದ ಕರಾರು ಕೌಂಟಿಗೆ ಸಂಬಂಧಿಸಿದ್ದಲ್ಲ, ಅದನ್ನು ಸಂಘದಲ್ಲೇ ಕೇಳಬೇಕು.

ಪಟ್ಟಿಗೆ ಪ್ರಶ್ನೆ ಸೇರಿಸುವವರು ಟ್ಯಾಕ್ಸ್ ಮ್ಯಾಪ್ ನಂಬರನ್ನು ಮರೆಮಾಡಿ, ವಲಯದ ಹೆಸರು, ಕ್ಲಸ್ಟರ್ ಹೌದೋ ಅಲ್ಲವೋ, ಮೂಲೆ ನಿವೇಶನವೋ, ಪ್ರಾಫರ್ ಇದೆಯೋ, ಹಿಂದಿನ ಅನುಮತಿಯ ತಾರೀಖು ಯಾವುದು ಎಂಬ ಐದನ್ನು ಕೊಟ್ಟರೆ ಸಾಕು. ಮುಂದಿನ ಸರದಿ ಓವರ್‌ಲೇ ವಲಯಗಳದ್ದು. ಹೊಸ 3ನೇ ಅಧ್ಯಾಯವನ್ನು ಹಳೆಯ 7ರ ಪಕ್ಕದಲ್ಲಿಟ್ಟು ಕಲಮುವಾರು ಓದುವುದರಿಂದ ಅದು ಶುರುವಾಗುತ್ತದೆ.