ಬ್ಯಾಕಪ್ ಐತ್ರಿ ಅಂದವರ ಫೋನು

ಫೋನ್ ಕೌಂಟರ್ ಮೇಲೆ ಬಂದ ಕೂಡಲೇ ನಾನು ಕೇಳುವ ಪ್ರಶ್ನೆ ಒಂದೇ. "ಇದರಾಗಿಂದು ಏನು ಹೋದ್ರ ನಿಮಗ ಭಾಳ ತ್ರಾಸ ಆಗತೈತ್ರಿ?" ಗಾಂಧಿ ಚೌಕದ ಹತ್ತಿರದ ನಮ್ಮ ಅಂಗಡಿಗೆ ಬರುವ ಎಷ್ಟೋ ಜನ ಇದಕ್ಕೆ ನಗುತ್ತಾರೆ. "ಎಲ್ಲಾ ಬ್ಯಾಕಪ್ ಐತ್ರಿ, ನೀವು ಸುಮ್ನ ಅಪ್‌ಡೇಟ್ ಹೊಡೀರಿ" ಅಂತಾರೆ. ವಿಜಯಪುರದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾ ನಾನು ಕಲಿತದ್ದರಲ್ಲಿ ದೊಡ್ಡದು ಈ ಮಾತಿಗೆ ಸಂಬಂಧಪಟ್ಟದ್ದು. ಬ್ಯಾಕಪ್ ಇದೆ ಅನ್ನುವವರಲ್ಲಿ ಹೆಚ್ಚಿನವರು ಅದರೊಳಗೆ ಏನಿದೆ ಅಂತ ಒಮ್ಮೆಯೂ ನೋಡಿರುವುದಿಲ್ಲ. ಅವರಿಗೆ ನಿಜವಾಗಿ ಬೇಕಾದದ್ದೇ ಅದರಲ್ಲಿ ಇರುವುದಿಲ್ಲ.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಆನ್ ಇದ್ದರೆ ಆ್ಯಪ್‌ಗಳ ಪಟ್ಟಿ, ಕಾಲ್ ಹಿಸ್ಟರಿ, ಎಸ್ಎಂಎಸ್, ವೈಫೈ ಪಾಸ್‌ವರ್ಡ್, ಒಂದಿಷ್ಟು ಸೆಟ್ಟಿಂಗ್ ಗೂಗಲ್‌ಗೆ ಹೋಗುತ್ತವೆ. ಆ್ಯಪ್ ಒಳಗಿನ ಡೇಟಾ ಒಂದು ಆ್ಯಪ್‌ಗೆ 25 ಎಂಬಿವರೆಗೆ ಮಾತ್ರ. ಅದೂ ಆ್ಯಪ್ ಮಾಡಿದವರು ಬಿಟ್ಟಿದ್ದರೆ. ಫೋಟೋಗೆ ಗೂಗಲ್ ಫೋಟೋಸ್‌ನಲ್ಲಿ ಬೇರೆ ಸ್ವಿಚ್ ಇದೆ. ವಾಟ್ಸಾಪ್‌ಗೆ ವಾಟ್ಸಾಪ್ ಒಳಗೇ ಇನ್ನೊಂದು ಸ್ವಿಚ್. ಕಾಲ್ ರೆಕಾರ್ಡಿಂಗ್ ಯಾವುದರಲ್ಲೂ ಬರುವುದಿಲ್ಲ. ಡೌನ್‌ಲೋಡ್ ಫೋಲ್ಡರ್‌ನಲ್ಲಿ ಬಿದ್ದಿರುವ ಹೊಲದ ಉತಾರದ (ಪಹಣಿಯ) ಪಿಡಿಎಫ್ ಕೂಡ ಬಹಳಷ್ಟು ಫೋನುಗಳಲ್ಲಿ ಅಲ್ಲೇ ಉಳಿಯುತ್ತದೆ.

ಮೇಲಿಂದ ಜಾಗದ ತಕರಾರು. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟೇ. 2021ರ ಜೂನ್ 1ರವರೆಗೆ ಗಾತ್ರ ಇಳಿಸಿದ ಫೋಟೋಗಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಆಮೇಲೆ ಹಿಡಿದರು. ವಾಟ್ಸಾಪ್ ಬ್ಯಾಕಪ್ ಕೂಡ ಮೊದಲು ಲೆಕ್ಕಕ್ಕಿರಲಿಲ್ಲ, 2024ರ ಹೊತ್ತಿಗೆ ಅದೂ ಸೇರಿತು. 15 ಜಿಬಿ ತುಂಬಿದ ದಿನ ಬ್ಯಾಕಪ್ ನಿಲ್ಲುತ್ತದೆ. ಫೋನು ಒಂದು ನೋಟಿಫಿಕೇಶನ್ ತೋರಿಸುತ್ತದೆ. ಅದನ್ನು ಯಾರು ಓದುತ್ತಾರೆ? ಸ್ವಿಚ್ ಮಾತ್ರ ಆನ್ ಆಗಿಯೇ ಕಾಣುತ್ತಿರುತ್ತದೆ. ಹಾಗಾಗಿ ನಾನು ಸ್ವಿಚ್ ನೋಡುವುದಿಲ್ಲ, ಅದರ ಕೆಳಗಿನ ತಾರೀಖು ನೋಡುತ್ತೇನೆ. ಕೊನೆಯ ಬ್ಯಾಕಪ್ ಹೋದ ದೀಪಾವಳಿಯದ್ದು ಅಂತ ತೋರಿಸಿದಾಗ ಗಿರಾಕಿಯ ಮುಖ ನೋಡಬೇಕು. ಇನ್ನೊಂದು ವಿಷಯವೂ ಇದೆ. 57 ದಿನ ಫೋನ್ ಬಳಸದೇ ಇಟ್ಟರೆ ಗೂಗಲ್ ಆ ಫೋನಿನ ಬ್ಯಾಕಪ್ಪನ್ನೇ ಅಳಿಸಬಹುದು. ಕೆಟ್ಟ ಫೋನನ್ನು ಕಪಾಟಿನಲ್ಲಿ ಇಟ್ಟು ಜಾತ್ರೆ ಮುಗಿದ ಮೇಲೆ ತಂದರಾಯಿತು ಅನ್ನುವವರಿಗೆ ಇದನ್ನು ಮುದ್ದಾಂ ಹೇಳುತ್ತೇನೆ.

ಬ್ಯಾಸಿಗಿಯಲ್ಲಿ ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ಬಂದರು. ಫೋನು ಅಪ್‌ಡೇಟ್ ಆಗುತ್ತಾ ಆಗುತ್ತಾ ಲೋಗೋ ಮೇಲೆ ನಿಂತುಬಿಟ್ಟಿತ್ತು. ಬೇರೆ ಕಡೆ ತೋರಿಸಿದ್ದಕ್ಕೆ ರಿಸೆಟ್ ಹೊಡೆದರೆ, ಅಂದರೆ ಎಲ್ಲಾ ಅಳಿಸಿ ಹೊಸದರ ಹಾಗೆ ಮಾಡಿದರೆ, ಸರಿಯಾಗುತ್ತದೆ ಅಂದಿದ್ದರಂತೆ. ಪುಣ್ಯಕ್ಕೆ ಅವರು ಒಪ್ಪಿರಲಿಲ್ಲ. ನನ್ನ ಪ್ರಶ್ನೆಗೆ ಅವರ ಉತ್ತರ ತಯಾರೇ ಇತ್ತು. "ತಮ್ಮಾ, ಒಣದ್ರಾಕ್ಷಿ ಪಟ್ಟಿ ಎಲ್ಲಾ ಅದರಾಗ ಅದಾವ. ದಲಾಲ್ರು ವಾಟ್ಸಾಪಿಗೆ ಕಳಿಸಿದ್ದು. ಇನ್ನೂ ರೊಕ್ಕ ಬರೂದೈತಿ."

ಪಟ್ಟಿ ಅಂದರೆ ಮಾಲು ಮಾರಿದ ಲೆಕ್ಕದ ಚೀಟಿ, ಅದರ ಫೋಟೋ. ಗೂಗಲ್ ಫೋಟೋಸ್ ತಾನಾಗಿ ಕಳಿಸುವುದು ಕ್ಯಾಮರಾದಲ್ಲಿ ತೆಗೆದ ಫೋಟೋಗಳನ್ನು. ವಾಟ್ಸಾಪ್‌ನಲ್ಲಿ ಬಂದವು ಬೇರೆ ಫೋಲ್ಡರ್‌ನಲ್ಲಿ ಇರುತ್ತವೆ, ಆ ಫೋಲ್ಡರನ್ನು ನಾವೇ ಆನ್ ಮಾಡಬೇಕು. ಅಂದರೆ ಅವರ ಮೊಮ್ಮಗನ ಫೋಟೋ ಕ್ಷೇಮ, ರೊಕ್ಕದ ಪಟ್ಟಿ ಮಾತ್ರ ಆ ಫೋನೊಂದರಲ್ಲೇ.

ಇಂಥ ಹೊತ್ತಲ್ಲಿ ರಿಸೆಟ್ ಯಾಕೆ ಬೇಡ ಅಂದರೆ, ಅದಾದ ಮೇಲೆ ತಿರುಗಿ ಬರುವ ದಾರಿ ಇಲ್ಲ. ಈಗಿನ ಫೋನುಗಳಲ್ಲಿ ಡೇಟಾ ಪೂರ್ತಿ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲು ಬರುವುದಿಲ್ಲ. ರಿಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಲಿಯೇ ಅಳಿದುಹೋಗುತ್ತದೆ. ಹತ್ತು ವರ್ಷದ ಹಿಂದಿನ ಫೋನುಗಳಲ್ಲಿ ರಿಕವರಿ ಸಾಫ್ಟ್‌ವೇರ್ ಹಾಕಿ ಏನಾದರೂ ಹೊರಗೆ ಎಳೆಯಬಹುದಿತ್ತು. ಈಗ ಬೆಂಗಳೂರಿಗೆ ಕಳಿಸಿದರೂ ಅಷ್ಟೇ. ರಿಸೆಟ್ ಆದ ಫೋನಿನಿಂದ ಡೇಟಾ ತೆಗೆದುಕೊಡ್ತೇನೆ ಅಂತ ರೊಕ್ಕ ಇಸಿದುಕೊಳ್ಳುವವರನ್ನು ನಾನಂತೂ ನಂಬುವುದಿಲ್ಲ.

ಹಾಗಾಗಿ ಡೇಟಾ ಮುಟ್ಟದ ದಾರಿಗಳನ್ನು ಒಂದೊಂದಾಗಿ ನೋಡಿದೆ. ಮೊದಲು ಚಾರ್ಜ್ ತುಂಬಿಸಿದೆ. ಆಮೇಲೆ ಪವರ್ ಮತ್ತು ವಾಲ್ಯೂಮ್ ಬಟನ್ ಒತ್ತಿ ಫೋನ್ ರಿಪೇರಿಗೆ ಅಂತಲೇ ಇರುವ ರಿಕವರಿ ಮೋಡ್‌ಗೆ ಹೋದೆ. ಅಲ್ಲಿ ಕ್ಯಾಶ್ (ಸಿಸ್ಟಮ್ ತಾತ್ಕಾಲಿಕವಾಗಿ ಇಟ್ಟುಕೊಂಡ ಫೈಲುಗಳು) ಅಳಿಸುವ ಸಾಲೂ, ಎಲ್ಲಾ ಡೇಟಾ ಅಳಿಸುವ ಸಾಲೂ ಹತ್ತಿರ ಹತ್ತಿರ ಇರುತ್ತವೆ. ಟಚ್ ನಡೆಯುವುದಿಲ್ಲ, ವಾಲ್ಯೂಮ್ ಬಟನ್‌ನಿಂದ ಇಳಿಯಬೇಕು. ಬಟನ್ ಸವೆದಿದ್ದರೆ ಒಂದು ಒತ್ತಿಗೆ ಎರಡು ಸಾಲು ಇಳಿಯುತ್ತದೆ. ಅದಕ್ಕೇ ಮೊದಲು ಎರಡು ಸಲ ಮೇಲೆ ಕೆಳಗೆ ಓಡಿಸಿ ನೋಡುತ್ತೇನೆ, ಆಗ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ. ಕ್ಯಾಶ್ ಅಳಿಸಿ ರೀಬೂಟ್ ಮಾಡಿದೆ. ಫೋನು ಬಹಳ ಹೊತ್ತು ತೆಗೆದುಕೊಂಡು ಕೊನೆಗೆ ಪಿನ್ ಕೇಳಿತು.

ಪಿನ್ ಹಾಕಿದ ಮೇಲೆ ಅವರು ಫೋನಿಗೆ ಕೈ ಚಾಚಿದರು. ನಾನು ಕೊಡಲಿಲ್ಲ. ಕೇಬಲ್ ಹಾಕಿ, ಫೈಲ್ ಟ್ರಾನ್ಸ್‌ಫರ್ ಆರಿಸಿ, ಆಂಡ್ರಾಯ್ಡ್ ಫೋಲ್ಡರ್ ಒಳಗಿನ ಮೀಡಿಯಾದಲ್ಲಿ ವಾಟ್ಸಾಪ್ ಫೋಲ್ಡರ್ ಇರುತ್ತದಲ್ಲ, ಅದನ್ನು ಇಡಿಯಾಗಿ ಲ್ಯಾಪ್‌ಟಾಪ್‌ಗೆ ಎಳೆದುಕೊಂಡೆ. ಕ್ಯಾಮರಾದ ಫೋಲ್ಡರನ್ನೂ. ಕಾಪಿ ಮುಗಿದ ಮೇಲೆ ಲ್ಯಾಪ್‌ಟಾಪ್‌ನಲ್ಲೇ ಒಂದು ಪಟ್ಟಿ ತೆರೆದು, "ಕಾಕಾ, ಇದನ್ನ ಓದಿ ಹೇಳ್ರಿ" ಅಂದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಹಾಂ, ಇದ ನೋಡು. ತಾಸಗಾಂವದ್ದು." ಮಹಾರಾಷ್ಟ್ರದ ತಾಸಗಾಂವದ ಒಣದ್ರಾಕ್ಷಿ ಪೇಟೆಯ ಪಟ್ಟಿ ಅದು. ಆಮೇಲೆಯೇ ಫೋನ್ ಕೊಟ್ಟದ್ದು. ಸ್ಟೋರೇಜ್ ಪೂರಾ ತುಂಬಿತ್ತು, ಬಹುತೇಕ ಗುಡ್ ಮಾರ್ನಿಂಗ್ ವಿಡಿಯೋಗಳೇ. ಅವನ್ನು ತೆಗೆದ ಮೇಲೆ ಮತ್ತೆ ಅದೇ ತೊಂದರೆ ಬರಲಿಲ್ಲ.

ಹೊಸ ಫೋನುಗಳಲ್ಲಿ ಲೋಗೋ ಮೇಲೆ ನಿಲ್ಲುವುದು ಕಡಿಮೆಯಾಗಿದೆ. 2016ರ ಆಂಡ್ರಾಯ್ಡ್ 7ರಿಂದ ಒಂದು ಪದ್ಧತಿ ಬಂತು. ನೀವು ಒಂದು ಖೋಲಿಯಲ್ಲಿ ಇರುವಾಗಲೇ ಇನ್ನೊಂದು ಖೋಲಿಗೆ ಸುಣ್ಣ ಹೊಡೆದ ಹಾಗೆ, ಹೊಸ ಸಿಸ್ಟಮ್ ಪಕ್ಕದ ಜಾಗದಲ್ಲಿ ಕೂರುತ್ತದೆ. ರೀಬೂಟ್ ಆದಾಗ ಹೊಸದು ಏಳದಿದ್ದರೆ ಫೋನು ಹಳೆಯದಕ್ಕೇ ಮರಳುತ್ತದೆ. ಎಲ್ಲಾ ಕಂಪನಿಗಳೂ ಇದನ್ನು ಕೂಡಲೇ ತರಲಿಲ್ಲ. ಸ್ಯಾಮ್‌ಸಂಗ್ 2024ರ ಎ55ರಿಂದ ಶುರು ಮಾಡಿತು.

ಕಂಪ್ಯೂಟರ್‌ನಿಂದ ಫ್ಲ್ಯಾಶ್ ಮಾಡುವ, ಅಂದರೆ ಫೋನಿನ ಸಿಸ್ಟಮನ್ನೇ ಹೊಸದಾಗಿ ಹಾಕುವ ಹುಡುಗರಿಗೆ ಒಂದು ಮಾತು. ಸ್ಯಾಮ್‌ಸಂಗ್ ಫರ್ಮ್‌ವೇರ್ (ಆ ಸಿಸ್ಟಮ್‌ನ ಫೈಲುಗಳ ಗಂಟು) ಬಿಚ್ಚಿದರೆ ಸಿಎಸ್‌ಸಿ ಅಂತ ಒಂದು ಫೈಲು, ಹೋಮ್ ಸಿಎಸ್‌ಸಿ ಅಂತ ಇನ್ನೊಂದು ಇರುತ್ತದೆ. ಮೊದಲನೆಯದು ಹಾಕಿದರೆ ಫೋನು ಪೂರ್ತಿ ಖಾಲಿ. ಎರಡನೆಯದು ಡೇಟಾ ಬಿಟ್ಟು ಸಿಸ್ಟಮ್ ಮಾತ್ರ ಬದಲಿಸುತ್ತದೆ. ಇದಕ್ಕೆ ಡೆಸ್ಕ್‌ಟಾಪ್ ಬಳಸಬೇಡಿ, ಲ್ಯಾಪ್‌ಟಾಪೇ ಬಳಸಿ. ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲು ಬರುತ್ತದಾ?

ವಾಪಸ್ ತರುವ ಕಡೆ ಬಂದರೆ ಜಾಸ್ತಿ ಎಡವುವುದು ವಾಟ್ಸಾಪ್‌ನಲ್ಲಿ. ಹೊಸ ಫೋನಿನಲ್ಲಿ ನಂಬರ್ ಹಾಕಿ ಓಟಿಪಿ ಕೊಟ್ಟ ಮೇಲೆ ಬ್ಯಾಕಪ್ ಸಿಕ್ಕಿದೆ, ರಿಸ್ಟೋರ್ ಮಾಡಲಾ ಅಂತ ಒಮ್ಮೆ ಕೇಳುತ್ತದೆ. ಅವಸರಕ್ಕೆ ಸ್ಕಿಪ್ ಒತ್ತಿದರೆ ಖಾಲಿ ವಾಟ್ಸಾಪ್ ತೆರೆಯುತ್ತದೆ. ಆಗ ಅದರಲ್ಲೇ ಚಾಟ್ ಶುರು ಮಾಡಬೇಡಿ. ರಾತ್ರಿ 2 ಗಂಟೆಯ ಸುಮಾರಿಗೆ ವಾಟ್ಸಾಪ್ ಫೋನಿನಲ್ಲೇ ಒಂದು ಬ್ಯಾಕಪ್ ತೆಗೆಯುತ್ತದೆ, ಗೂಗಲ್ ಬ್ಯಾಕಪ್ ಆನ್ ಇದ್ದರೆ ಹಳೆಯದರ ಜಾಗಕ್ಕೆ ಈ ಖಾಲಿಯದ್ದೇ ಹೋಗಿ ಕೂರುತ್ತದೆ. ಆ ದಿನವೇ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದರೆ ಅದೇ ಪ್ರಶ್ನೆ ಮತ್ತೆ ಬರುತ್ತದೆ. ನಂಬರೂ ಅದೇ ಇರಬೇಕು, ಗೂಗಲ್ ಅಕೌಂಟೂ ಅದೇ ಇರಬೇಕು. ಬ್ಯಾಕಪ್‌ಗೆ ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರದ ಕೀ ಇಟ್ಟು ಮರೆತಿದ್ದರೆ ವಾಟ್ಸಾಪ್‌ನವರಿಗೂ ತೆರೆಯಲು ಬರುವುದಿಲ್ಲ. ಹಳೆ ಫೋನು ಇನ್ನೂ ನಡೆಯುತ್ತಿದ್ದರೆ ಗೂಗಲ್ ಗೊಡವೆಯೇ ಬೇಡ. ಎರಡೂ ಫೋನು ಎದುರಿಗಿಟ್ಟು ಕ್ಯೂಆರ್ ಸ್ಕ್ಯಾನ್ ಮಾಡಿ ಚಾಟ್ ದಾಟಿಸುವ ಸೌಲಭ್ಯ 2023ರಿಂದ ಇದೆ. ನಾನು ಅದನ್ನೇ ಮಾಡುತ್ತೇನೆ.

ಗೂಗಲ್ ಅಕೌಂಟೂ ಅದೇ ಇರಬೇಕು ಅಂತ ಬರೆಯುವುದು ಸುಲಭ. ನಮ್ಮ ಭಾಗದಲ್ಲಿ ಎಷ್ಟೋ ಜನರಿಗೆ ತಮ್ಮ ಜಿಮೇಲ್ ಐಡಿ ಯಾವುದು ಅಂತಲೇ ಗೊತ್ತಿಲ್ಲ. ಫೋನ್ ಕೊಂಡ ದಿನ ಅಂಗಡಿಯ ಹುಡುಗ ಕೌಂಟರ್‌ನಲ್ಲೇ ಒಂದು ಹೊಸ ಐಡಿ ಮಾಡಿ, ಬಾಯಿಗೆ ಬಂದ ಪಾಸ್‌ವರ್ಡ್ ಹಾಕಿ ಕೊಟ್ಟಿರುತ್ತಾನೆ. ಅದು ಅವನಿಗೂ ನೆನಪಿಲ್ಲ, ಇವರಿಗೂ ಗೊತ್ತಿಲ್ಲ. ಫೋನ್ ರಿಸೆಟ್ ಆದ ದಿನ ಎಲ್ಲಾ ಹೊರಗೆ ಬರುತ್ತದೆ. ಆಂಡ್ರಾಯ್ಡ್ 5.1ರಿಂದ, ರಿಕವರಿ ಮೋಡ್‌ನಿಂದ ರಿಸೆಟ್ ಮಾಡಿದ ಫೋನು ಹಳೆಯ ಅಕೌಂಟ್ ಅಥವಾ ಲಾಕ್ ಕೇಳದೆ ಒಳಗೆ ಬಿಡುವುದಿಲ್ಲ. ಕಳ್ಳರಿಗೆ ಹಾಕಿದ ಬೀಗ ಮಾಲೀಕರಿಗೇ ಬಿದ್ದಿರುತ್ತದೆ. ಈಗ ನಾನು ಅಪ್‌ಡೇಟ್‌ಗೆ ಬಂದ ಫೋನಿನಲ್ಲಿ ಮೊದಲು ಐಡಿ ನೋಡಿ, ಅವರ ಎದುರಿಗೇ ಪಾಸ್‌ವರ್ಡ್ ಬದಲಿಸಲು ಹೇಳಿ, ಪಾಸ್‌ವರ್ಡ್ ಮರೆತರೆ ಅಕೌಂಟ್ ವಾಪಸ್ ಪಡೆಯಲು ಅವರದೇ ಮೊಬೈಲ್ ನಂಬರ್ ಹಾಕಿಸುತ್ತೇನೆ. ಅವರ ಮನೆಯ ಡೈರಿಯಲ್ಲಿ ಬರೆದಿಡಲಿ, ನನ್ನ ಹತ್ತಿರ ಇಟ್ಟುಕೊಳ್ಳುವುದಿಲ್ಲ. ಇದಕ್ಕೆ ರೊಕ್ಕ ಕೇಳಿದರೆ ಮುಖ ಗಂಟು ಹಾಕುತ್ತಾರೆ. ಟೆಂಪರ್ಡ್ ಗ್ಲಾಸ್‌ಗೆ ಕೇಳದೇ ಕೊಡುತ್ತಾರೆ!

ಐಫೋನ್ ನಮ್ಮಲ್ಲಿ ಬರುವುದು ಕಡಿಮೆ, ಹೆಚ್ಚಿನವು ಸೆಕೆಂಡ್ ಹ್ಯಾಂಡ್. ಐಕ್ಲೌಡ್ ಪುಕ್ಕಟೆ 5 ಜಿಬಿ ಮಾತ್ರ, ಕಾಲೇಜು ಹುಡುಗರ ಫೋನಿಗೆ ಅದು ಎಲ್ಲಿ ಸಾಕಾಗುತ್ತದೆ? ಅದಕ್ಕೇ ಲ್ಯಾಪ್‌ಟಾಪ್‌ಗೆ ಬ್ಯಾಕಪ್ ತೆಗೆಯುತ್ತೇನೆ. ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದರೆ ಸೇವ್ ಆದ ಪಾಸ್‌ವರ್ಡ್‌ಗಳೂ ಬರುತ್ತವೆ, ಇಲ್ಲದಿದ್ದರೆ ಬರುವುದಿಲ್ಲ. ಹೊಸ ಐಓಎಸ್‌ನಲ್ಲಿ (ಐಫೋನಿನ ಸಿಸ್ಟಮ್) ತೆಗೆದ ಬ್ಯಾಕಪ್ ಹಳೆ ಐಓಎಸ್ ಇರುವ ಫೋನಿಗೆ ಕೂರುವುದಿಲ್ಲ, ಮೊದಲು ಆ ಫೋನ್ ಅಪ್‌ಡೇಟ್ ಆಗಬೇಕು. ರಿಕವರಿ ಮೋಡ್‌ನಲ್ಲಿ ಸಿಕ್ಕಿಬಿದ್ದ ಐಫೋನ್ ಜೋಡಿಸಿದರೆ ಅಪ್‌ಡೇಟ್, ರಿಸ್ಟೋರ್ ಅಂತ ಎರಡು ಬಟನ್ ಬರುತ್ತವೆ. ಅಪ್‌ಡೇಟ್ ಡೇಟಾ ಉಳಿಸಲು ನೋಡುತ್ತದೆ, ರಿಸ್ಟೋರ್ ಎಲ್ಲಾ ಅಳಿಸುತ್ತದೆ. ಡೌನ್‌ಲೋಡ್ 15 ನಿಮಿಷ ದಾಟಿದರೆ ಫೋನು ರಿಕವರಿ ಮೋಡ್‌ನಿಂದ ಹೊರಗೆ ಬರುತ್ತದೆ. ಗಾಬರಿ ಬೇಡ, ಡೌನ್‌ಲೋಡ್ ಮುಗಿಯಲಿ, ಆಮೇಲೆ ಮತ್ತೆ ಆ ಮೋಡ್‌ಗೆ ಹಾಕಿ.

ಕೊನೆಗೆ ಯುಪಿಐ. ಇದು ಯಾವ ಬ್ಯಾಕಪ್‌ನಿಂದಲೂ ಬರುವುದಿಲ್ಲ, ಬರಬಾರದು ಕೂಡ. ಫೋನ್ ಬದಲಾದರೆ ಅಥವಾ ರಿಸೆಟ್ ಆದರೆ ಆ ಸಿಮ್‌ನಿಂದಲೇ ಒಂದು ಎಸ್ಎಂಎಸ್ ಹೊರಗೆ ಹೋಗಿ ಮತ್ತೆ ನೋಂದಣಿ ಆಗಬೇಕು. ಇನ್‌ಕಮಿಂಗ್‌ಗೆ ಅಂತ ಇಟ್ಟುಕೊಂಡ ಸಿಮ್‌ನಲ್ಲಿ ರೀಚಾರ್ಜ್ ಇಲ್ಲದಿದ್ದರೆ ಆ ಎಸ್ಎಂಎಸ್ ಹೋಗುವುದೇ ಇಲ್ಲ, ಆ್ಯಪ್ ಸುಮ್ನೆ ಸುತ್ತುತ್ತಾ ಕೂರುತ್ತದೆ. ಹೊಸ ಫೋನಿನಲ್ಲಿ ಮೊದಲ ದಿನ ಕಳಿಸುವ ಮೊತ್ತಕ್ಕೂ ಮಿತಿ ಇರುತ್ತದೆ. ಅದಕ್ಕೇ ಎಪಿಎಂಸಿ ವ್ಯಾಪಾರಿಗಳು ಬಂದರೆ, "ನಾಳೆ ಯಾರಿಗೆರ ದೊಡ್ಡ ರೊಕ್ಕ ಕಳಿಸೂದೈತೇನ್ರಿ?" ಅಂತ ಕೇಳಿಯೇ ಕೆಲಸಕ್ಕೆ ಕೈ ಹಾಕುತ್ತೇನೆ. ಇದ್ದರೆ ಅದು ಮುಗಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸುತ್ತೇನೆ.